ಇನ್ನೊಂದು ನಿಮಿಷ

ಬಟ್ಟೆ ಒಗೆಯುವ ಮಿಷನ್ನಿನ ಮುಂದೆ ನಿಂತಿದ್ದೇನೆ,
ಶನಿವಾರ ಬೆಳಿಗ್ಗೆ, ಸೊಂಟದ ಮೇಲೆ ಖಾಲಿ ಬುಟ್ಟಿ.
ಹಸಿರು ಅಂಕಿ ಹೇಳುತ್ತಿದೆ: ಒಂದು.
ಇನ್ನೊಂದೇ ನಿಮಿಷ.

ಸ್ಟಾಕ್‌ಪೋರ್ಟಿನ ಈ ಬೀದಿಯಲ್ಲಿ
ನಿಮಿಷಕ್ಕೆ ಎಷ್ಟು ಸೆಕೆಂಡು, ಯಾರೂ ಬರೆದಿಟ್ಟಿಲ್ಲ.
ನಾನು ಎಣಿಸಿದ್ದೇನೆ: ಒಮ್ಮೆ ನಾನೂರು,
ಟವೆಲ್ಲು ಹಾಕಿದ ದಿನ ಆರುನೂರಾ ಹನ್ನೆರಡು.
ಹಿಂದೆ ಬಾಗಿಲಿಗೆ ಸೀಮೆಸುಣ್ಣದಲ್ಲಿ
‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಂತೆ.
ದೆವ್ವಕ್ಕೂ ಅಕ್ಷರ ಬರುತ್ತಿತ್ತು, ಪಾಪ,
ನಂಬಿಕೆಯೂ ಇತ್ತು.
ನನ್ನ ಹಾಗೆ.

ಅಷ್ಟರಲ್ಲಿ ಒಂದು ಕೆಲಸ ಮುಗಿಸೋಣವೆಂದರೆ
ಫೋನು ಕೇಳುತ್ತದೆ: ನೀವು ಮನುಷ್ಯರೇ?
ಒಂಬತ್ತು ಚೌಕ. ಟ್ರಾಫಿಕ್ ದೀಪ ಇರುವುದನ್ನೆಲ್ಲ ಒತ್ತಿ.
ಕಂಬವೂ ದೀಪವೇ? ಕಂಬವಿಲ್ಲದೆ ದೀಪ ಎಲ್ಲಿ ನಿಂತೀತು?
ತುಪ್ಪಕ್ಕೆ ಬಟ್ಟಲು ಆಧಾರವೋ, ಬಟ್ಟಲಿಗೆ ತುಪ್ಪವೋ ಎಂದು
ಬಟ್ಟಲು ಮಗುಚಿ ನೋಡಿದ ಪಂಡಿತನಂತೆ
ಕಂಬ ಒತ್ತಿದೆ.
ತಪ್ಪು. ಈಗ ಸೈಕಲ್ಲು.
ಮೂರನೆಯ ಸುತ್ತಿನಲ್ಲಿ ಮನುಷ್ಯಳಾದೆ,
ಕಸದ ಡಬ್ಬಿಯ ಗಾಲಿ ಮುರಿದಿದೆ ಎಂದು
ಕೌನ್ಸಿಲ್ಲಿಗೆ ತಿಳಿಸುವಷ್ಟರ ಮಟ್ಟಿಗೆ.

ಅಂಕಿ: ಒಂದು.

ನಿನ್ನೆ ಅಂಗಡಿಯಲ್ಲಿ, ಆಳಿಲ್ಲದ ಗಲ್ಲಾದಲ್ಲಿ,
‘ಚೀಲದ ಜಾಗದಲ್ಲಿ ನಿರೀಕ್ಷಿಸದ ವಸ್ತುವಿದೆ’ ಎಂದಿತು
ಜ್ವರ ಬಾರದ, ನಿದ್ದೆಗೆಡದ ಹೆಣ್ಣಿನ ದನಿ.
ಇಟ್ಟದ್ದು ಒಂದು ಕಟ್ಟು ಕೊತ್ತಂಬರಿ.
ತೆಗೆದೆ: ‘ವಸ್ತುವನ್ನು ಮರಳಿ ಇಡಿ.’
ಇಟ್ಟೆ: ನಿರೀಕ್ಷಿಸದ ವಸ್ತು.
ಕೂತರೂ ತಪ್ಪು, ನಿಂತರೂ ತಪ್ಪು,
ನನ್ನ ಹಿಂದೆ ಸಾಲು, ಸಾಲಿನ ಹಿಂದೆ ಕೆಮ್ಮು.
ಬಂದಳು ಹತ್ತೊಂಬತ್ತರ ಹುಡುಗಿ,
ಎದೆಯ ಪಟ್ಟಿಯಲ್ಲಿ ಹೆಸರು: ಕೀಲಿ.
ಆಣೆಗೂ ಅದೇ ಹೆಸರು.
ಚೂಯಿಂಗ್ ಗಮ್ ಅಗಿಯುತ್ತ, ನನ್ನ ಮುಖವನ್ನೂ ನೋಡದೆ
ಕೊರಳ ಕಾರ್ಡನ್ನು ಗಾಜಿನ ಮುಂದೆ ಒಮ್ಮೆ ನಿವಾಳಿಸಿದಳು,
ಹಟಮಾರಿ ಕೂಸಿಗೆ ದೃಷ್ಟಿ ತೆಗೆದ ಹಾಗೆ.
ಕೆಂಪು ದೀಪ ಇಳಿಯಿತು. ಕೊತ್ತಂಬರಿ ಮನೆಗೆ ಬಂತು.

ಅದನ್ನೇ ಹಾಕಿ ಹುಳಿ ಮಾಡಿದೆ.
ತಂಗಿಗೆ ಬರೆದೆ; ಫೋನು ತಾನೇ ತಿದ್ದಿ ಕಳಿಸಿತು:
‘ಇವತ್ತು ಹುಲಿ ಮಾಡಿದ್ದೆ, ಎರಡು ಬಟ್ಟಲು ಉಂಡೆ.’
ತಂಗಿ ಕೇಳಿದಳು: ‘ಪಟ್ಟೆ ಬೇಯಿತಾ?’
ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ವಯಡಕ್ಟಿನ ಕೆಳಗೆ ಹಾಯುವವರೆಗೂ.
ಆ ಒಂದು ಅಕ್ಷರಕ್ಕಾಗಿ
ಇದುವರೆಗಿನ ಅದರ ಎಲ್ಲ ತಪ್ಪನ್ನೂ ಮಾಫು ಮಾಡಿದ್ದೇನೆ.
ಎಲ್ಲವನ್ನೂ ಅಲ್ಲ. ಸಂತಾಪದ ಪತ್ರದ್ದು ಬಿಟ್ಟು.

ಈಗ ಗೋಡೆಯಾಚೆ ಹಾಡು.
ಐರಿನ್ ಹೆಗಿನ್‌ಬಾಟಮ್ ಅವರ ಮಿಷನ್ನು, ಎಂಬತ್ತಮೂರು ವರ್ಷ
(ಐರಿನ್‌ಗೆ, ಮಿಷನ್ನಿಗಲ್ಲ),
ಒಂದೇ ಸೇಲಿನಲ್ಲಿ ಒಂದೇ ದಿನ ಕೊಂಡದ್ದು ಇಬ್ಬರೂ.
ಒಗೆತ ಮುಗಿದರೆ ಅದು ಹಾಡುತ್ತದೆ,
ಮೋಹನವೇ ಇರಬೇಕು ಎಂಬಂತೆ ಹೊರಟು
ನಡುದಾರಿಯಲ್ಲಿ ಎಲ್ಲೋ ಇಳಿದುಹೋಗುತ್ತದೆ.
ಆಕೆಯ ಕಿವಿಗೆ ಮೇಲಿನ ಸ್ವರ ಯಾವುದೂ ಹತ್ತುವುದಿಲ್ಲ:
ಹಕ್ಕಿ ಇಲ್ಲ, ಮೊಮ್ಮಕ್ಕಳಿಲ್ಲ, ಮಿಷನ್ನಿಲ್ಲ.
ಕಿವಿಯ ಯಂತ್ರ ಚಾರ್ಜಿನಲ್ಲಿದೆ, ಯಾವಾಗಲೂ.
ಗೋಡೆ ಗುದ್ದಿದರೆ ಮಾತ್ರ ಕೇಳುತ್ತದೆ.

ಅದಕ್ಕೇ ಗುದ್ದುತ್ತೇನೆ, ಮುಷ್ಟಿಯಿಂದ ಎರಡು ಸಲ,
ಹಾಡನ್ನು ಮಂದ್ರಕ್ಕೆ ಇಳಿಸಿ.
ಸ್ವಲ್ಪ ತಡ.
ಚಪ್ಪಲಿ ಎಳೆಯುವ ಸದ್ದು.
ಆ ಕಡೆಯಿಂದ ಒಂದು ಗುದ್ದು: ಕೇಳಿತು.

ಫೋನಿನಲ್ಲಿ ದಿನವಿಡೀ ಬಿಸಿಲು, ಕಿಟಕಿಯಲ್ಲಿ ಸೋನೆ.
ಆಕೆ ಹಿತ್ತಿಲಿಗೆ ಬಂದು ಆಕಾಶ ನೋಡಿ
ಯಾರಿಗೋ ಬೈದು, ದಿಂಬಿನ ಚೀಲವನ್ನು
ಹಾಗೆಯೇ ತಂತಿಗೆ ಹಾಕುತ್ತಿದ್ದಾಳೆ.

ನಾನು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆ.
ಒಂದು.